ನಸುಗುನ್ನಿಯ ಐದು ಅಧ್ಯಾಯ

ಮನೆಯಲ್ಲಿ ಯಾರ ಕೈಯೂ ತಾಗದ ಜಾಗ ಯಾವುದು? ಬೈಲಹೊಂಗಲದ ನಿವೃತ್ತ ವಿಜ್ಞಾನ ಮಾಸ್ತರ ದಿಗಂಬರರಾಯರು ಮೂರು ದಿನ ತಲೆ ಕೆಡಿಸಿಕೊಂಡು ಇದಕ್ಕೆ ಉತ್ತರ ಕಂಡುಹಿಡಿದರು. ಆ ಉತ್ತರವೇ ಅವರಿಗೆ ಮುಳುವಾಯಿತು.

ಕಳೆದ ವರ್ಷ ಸಂಪಗಾಂವ ದಾರಿಯ ಬೇಲಿಯಲ್ಲಿ ನೇರಳೆ ಹೂಗೊಂಚಲು ಇಳಿಬಿಟ್ಟಿದ್ದ ನಸುಗುನ್ನಿ ಬಳ್ಳಿ ಕಂಡು ರಾಯರು ಮರುಳಾಗಿದ್ದರು. ಅದು ಅವರೆಯ ಬಳಗದ್ದೇ. ಆದರೆ ಕಾಯಿಯ ಮೇಲಿನ ಕಂದು ರೋಮ ಮೈಗೆ ತಾಗಿದರೆ ಎಂಥ ಗಂಭೀರ ಮನುಷ್ಯನೂ ಕುಣಿಯುತ್ತಾನೆ. ರಾಯರಿಗೆ ಕಂಡದ್ದು ಗುಣ ಮಾತ್ರ: ಬೀಜ ಹಾಲಿನಲ್ಲಿ ಬೇಯಿಸಿ ಸಿಪ್ಪೆ ತೆಗೆದರೆ ಔಷಧ, ಬಳ್ಳಿ ಹಬ್ಬಿಸಿದರೆ ಕಳೆ ಸಾಯುತ್ತದೆ, ಉತ್ತು ಮಣ್ಣಿಗೆ ಸೇರಿಸಿದರೆ ಗೊಬ್ಬರ. ಮೊದಲ ಮಳೆಗೆ ಹಿತ್ತಲಲ್ಲಿ ಎಂಟು ಬೀಜ ಊರಿ, ಚಪ್ಪರ ಹಾಕಿ, ಪುಷ್ಯಮಾಸದ ಹೊತ್ತಿಗೆ ಒಂದು ಚೀಲ ಕಾಯಿ ಬೆಳೆದರು. ಸಂಪಗಾಂವದ ಶಂಕ್ರೆಪ್ಪ ಬರುವ ಮಳೆಗಾಲಕ್ಕೆ ಅರ್ಧ ಎಕರೆ ಎರೆಹೊಲ ಬಿಟ್ಟುಕೊಡಲು ಒಪ್ಪಿದ್ದ. ಮೂವತ್ತು ವರ್ಷ ಬರೀ ಕರಿಹಲಗೆಯ ಮೇಲೆ ಬೇಸಾಯ ಮಾಡಿದವರಿಗೆ ಇದು ಮೊದಲ ನಿಜವಾದ ಹೊಲ. ಬೀಜವೆಲ್ಲ ಆ ಚೀಲದಲ್ಲೇ ಇತ್ತು.

"ನೋಡ್ರಿ, ಈ ಮನ್ಯಾಗ ಯಾರಿಗರೆ ಒಂದೇ ಒಂದು ತುರಿಕಿ ಬಂತಂದ್ರ ಚೀಲ ಸೀದಾ ಬಚ್ಚಲ ಒಲಿಗೆ," ಎಂದು ಹೆಂಡತಿ ಮಥುರಾಬಾಯಿ ರಾಜಾಜ್ಞೆ ಹೊರಡಿಸಿದರು.

"ಬರೂದಿಲ್ಲ. ನಾ ಸೈನ್ಸ್ ಮಾಸ್ತರ ಇದ್ದೀನಿ."

"ಅದಕ್ಕ ಹೇಳ್ಲಿಕತ್ತೀನಿ."

ರಾಯರ ಉತ್ತರವೆಂದರೆ ಮಾಳಿಗೆಯ ಮಡಿಕೋಣೆ. ಅಲ್ಲಿ ಎತ್ತರದ ಬಿದಿರು ಗಳದ ಮೇಲೆ ಮಡಿಬಟ್ಟೆ ಒಣಗುತ್ತದೆ. ಅದನ್ನು ಕೋಲಿನಿಂದ ಹಾಕಿ ಕೋಲಿನಿಂದಲೇ ತೆಗೆಯುವುದು. ಮೈಲಿಗೆಯವರು ಹೊಸ್ತಿಲು ದಾಟುವಂತಿಲ್ಲ. ರೇನ್‌ಕೋಟು, ಕೈಗವಸು ತೊಟ್ಟು ರಾಯರು ಗಳದ ಕೆಳಗೇ ಕಾಯಿ ಹರವಿದರು. ಹುಣ್ಣಿಮೆಯೊಳಗೆ ಒಣಗಲೆಂದು ಟೇಬಲ್ ಫ್ಯಾನನ್ನೂ ಹಚ್ಚಿದರು. (ಗಾಳಿ ಹಗುರ ವಸ್ತುಗಳನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಏಳನೇ ತರಗತಿಗೆ ಪ್ರತಿವರ್ಷ ಪ್ರಶ್ನೆ ಕೊಡುತ್ತಿದ್ದವರು ಇವರೇ.) ಎರಡು ದಿನ ಬಿಟ್ಟು ಕಾಯಿಗಳನ್ನೆಲ್ಲ ಚೀಲಕ್ಕೆ ತುಂಬಿ ಮೂಲೆಗಿಟ್ಟರು.

ಹುಣ್ಣಿಮೆಯ ದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ರಾಯರು ಮಿಂದು, ಕೋಲಿನಿಂದ ರೇಷ್ಮೆ ಧೋತರ ಇಳಿಸಿ, ಉಟ್ಟು ಮಣೆಯ ಮೇಲೆ ಕುಳಿತರು. ಭಟ್ಟರು ಮೊದಲ ಅಧ್ಯಾಯ ತೆಗೆಯುತ್ತಲೇ ತೊಡೆಯಲ್ಲಿ ಚುರ್ ಎಂದಿತು. ಆಮೇಲೆ ಸೊಂಟ. ಆಮೇಲೆ ಬಾಯಿಬಿಟ್ಟು ಹೇಳಲಾಗದ ಕಡೆ. ಅರ್ಧ ಎಕರೆ ಕಣ್ಮುಂದೆ ಬಂತು. ರಾಯರು ಹಲ್ಲು ಕಚ್ಚಿ, ಕೈ ಜೋಡಿಸಿ, ಮಣೆಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿದರು.

"ಮಾಸ್ತರ ಮೈಮ್ಯಾಲ ದೇವರ ಬಂದೈತಿ ನೋಡವಾ!" ಎಂದು ಪಕ್ಕದ ಮನೆಯ ಕೃಷ್ಣವ್ವ ಕೈ ಮುಗಿದಳು.

ಮಥುರಾಬಾಯಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡನೇ ಅಧ್ಯಾಯಕ್ಕೆ ಎದ್ದುಹೋದರು. ಪ್ರಸಾದದ ಶಿರಾ ತಳ ಹಿಡಿದಿರಬೇಕೆಂದು ರಾಯರು ನೆಮ್ಮದಿಪಟ್ಟರು. ಮೂರನೆಯದಕ್ಕೆ ಮರಳಿದಾಗ ಆಕೆಯ ಸೀರೆಯಿಂದ ಹೊಗೆಯ ವಾಸನೆ ಬರುತ್ತಿತ್ತು. ನಾಲ್ಕು, ಐದು ಅಧ್ಯಾಯಗಳನ್ನು ರಾಯರು ಹೇಗೆ ಕಳೆದರೋ ಆ ಸತ್ಯನಾರಾಯಣನಿಗೇ ಗೊತ್ತು. ಆದರೆ ಬೆರಳು ಒಮ್ಮೆಯೂ ಮೈಗೆ ಹೋಗಲಿಲ್ಲ. ಮಂಗಳಾರತಿಯ ಹೊತ್ತಿಗೆ ಅವರಿಗೆ ಗೆದ್ದ ಸಂತೋಷದಲ್ಲಿ ಕಣ್ಣೀರೇ ಬಂತು.

"ಮೈ ತುರಸ್ತದೇನು?" ಮಥುರಾಬಾಯಿ ಮೆಲ್ಲಗೆ ಕೇಳಿದರು.

"ಛೇ, ಎಲ್ಲೀದು! ಭಕ್ತಿ ಅದು. ಒಂದೀಟು ಬಿಸಿನೀರಾಗ ಸ್ನಾನ ಮಾಡಿ ಬರ್ತೀನಿ."

"ಹೋಗ್ರಿ, ನೀರು ಕುದೀಲಿಕತ್ತಾವ. ಎರಡನೇ ಅಧ್ಯಾಯಕ್ಕನ ಉರಿ ಹಾಕಿ ಬಂದೀನಿ."

ರಾಯರು ಬಚ್ಚಲಿಗೆ ಓಡಿದರು. ಹಂಡೆಯ ಪಕ್ಕ ಖಾಲಿ ಚೀಲ ಬಿದ್ದಿತ್ತು, ಅದನ್ನೆತ್ತಿ ತಂದ ಮಡಿಕೋಲು ಗೋಡೆಗೆ ಒರಗಿತ್ತು. ಒಲೆಯೊಳಗೆ ಕೊನೆಯ ಕಾಯಿಯೊಂದು ಚಟ್ ಎಂದು ಸಿಡಿಯಿತು. ಅವರಿಗೆ ಅಳು ಬಂತು. ತುರಿಕೆ ಅದಕ್ಕೂ ಬಿಡಲಿಲ್ಲ. ಎರಡೂ ಕೈಯಿಂದ ಪರಪರ ಕೆರೆದುಕೊಳ್ಳತೊಡಗಿದರು.

"ಏನ್ರೀ," ಹೊರಗಿನಿಂದ ಮಥುರಾಬಾಯಿ ಕೂಗಿದರು, "ಬೂದಿ ಚೆಲ್ಲಬ್ಯಾಡ್ರಿ, ತುಳಸಿಗೆ ಹಾಕೋಣಂತ. ಗೊಬ್ಬರ ಆಗ್ತದಂತ ನೀವ ಹೇಳಿದ್ರಲ್ಲಾ!"