ಚಂಪಿಯನ್ನು ನೋಡಲು ಬಂದರು

ಜೀವದಯೆ ನಮ್ಮ ಜೈನ ಮನೆತನದಲ್ಲಿ ತಲೆತಲಾಂತರದಿಂದ ಬಂದದ್ದು. ನಾಯಿಯ ಹೆದರಿಕೆ ಮಾತ್ರ ನನ್ನ ಸ್ವಂತ ಸಂಪಾದನೆ. ಇರುವೆ ಕಂಡರೆ ದಾಟಿ ಹೋಗುತ್ತೇನೆ. ನಾಯಿ ಕಂಡರೆ ಓಣಿಯನ್ನೇ ಬದಲಿಸುತ್ತೇನೆ. ಎಲ್ಲ ಜೀವಿಗಳೂ ಸುಖವಾಗಿರಲಿ ಎಂದು ದಿನಾ ಬೇಡಿಕೊಳ್ಳುವವನೇ, ಆದರೆ ಬಾಲವಿರುವ ಜೀವಿಗಳು ಬೇರೆಯವರ ಮನೆಯಲ್ಲಿ ಸುಖವಾಗಿರಲಿ ಎಂಬುದು ಒಳಗಿನ ಮಾತು. ಮೇಲಾಗಿ ನಾನು ಕೂತಲ್ಲಿ ಕೂರುವ ಆಸಾಮಿಯಲ್ಲ. ಬೆಳಗಾವಿಯ ಶಾಲೆಯಲ್ಲಿ ಪಾಠ ಹೇಳುವಾಗಲೂ ಕರಿಹಲಗೆಗೂ ಕಿಟಕಿಗೂ ಅಡ್ಡಾಡುತ್ತಲೇ ಇರುತ್ತೇನೆ.

ಇಂಥವನ ಹಿತ್ತಿಲಿಗೆ ಒಂದು ಹೆಣ್ಣುನಾಯಿ ಬಂದು ಸೇರಿತು. ಟಾಂಗಾದ ಗಾಲಿ ಅದರ ಹಿಂಗಾಲಿನ ಮೇಲೆ ಹಾದು ಹೋಗಿತ್ತು. ನನ್ನ ಹೆಂಡತಿ ಪದ್ಮಾವತಿ ಅರಿಸಿನ ಹಚ್ಚಿ ಬಟ್ಟೆ ಕಟ್ಟಿ, ಚಂಪಿ ಎಂದು ಹೆಸರೂ ಇಟ್ಟಳು. ಅಷ್ಟರಲ್ಲಿ ಓಣಿಯಲ್ಲಿ ಡಂಗುರ ಸಾರಿದರು: ಕೊರಳಪಟ್ಟಿಯಿಲ್ಲದ ನಾಯಿಗಳನ್ನು ಬರುವ ಸೋಮವಾರ ಹಿಡಿದು ಕೊಲ್ಲುತ್ತಾರಂತೆ. ಪಟ್ಟಿ ಕಟ್ಟಿದರೆ ಜೀವ ಉಳಿಯುತ್ತದೆ, ಆದರೆ ಕಟ್ಟಿದವನೇ ಅದರ ಯಜಮಾನ. ಯಜಮಾನನಾಗುವ ಧೈರ್ಯ ನನಗಿರಲಿಲ್ಲ. ಸಾಯಲಿ ಬಿಡು ಎನ್ನುವ ಧೈರ್ಯವೂ ಇರಲಿಲ್ಲ. ಉಳಿದದ್ದು ಆರು ದಿನ.

ಮನೆಯ ಹೆಣ್ಣಿಗೆ ಒಳ್ಳೆಯ ಮನೆ ಹುಡುಕುವ ದಾರಿ ನಮಗೆ ಗೊತ್ತಿರುವುದು ಒಂದೇ: ಕರೆಸಿ ತೋರಿಸುವುದು. ಖಾನಾಪುರದ ಕಡೆಯ ಪರಿಚಯದವರಿಗೆಲ್ಲ ಕಾರ್ಡು ಬರೆದೆ. ಪದ್ಮಾವತಿ ಚಂಪಿಗೆ ಸೀಗೆಕಾಯಿ ಹಚ್ಚಿ ಮೀಯಿಸಿದಳು. ನಾನು ದೂರದಲ್ಲೇ ನಿಂತು ಸಲಹೆ ಕೊಟ್ಟೆ. ಜಮಖಾನೆ ಹಾಸಿ, ಒಗ್ಗರಣೆ ಅವಲಕ್ಕಿ ಸಿದ್ಧ ಮಾಡಿಟ್ಟೆವು. ಮೊದಲು ಬೀಡಿ ಎಂಬ ಊರಿನ ರೈತರೊಬ್ಬರು ಬಂದು ಎರಡು ತಾಟು ಅವಲಕ್ಕಿ ತಿಂದರು. "ಕಣ್ಣು ಛಲೋ ಅದಾವ್ರಿ. ಮನ್ಯಾಗ ಕೇಳಿ ತಿಳಸ್ತೀವಿ," ಎಂದು ಎದ್ದರು. ಹೆಣ್ಣನ್ನು ಒಲ್ಲೆ ಎನ್ನಲು ನಮ್ಮಲ್ಲಿ ಇದಕ್ಕಿಂತ ಮರ್ಯಾದೆಯ ಮಾತಿಲ್ಲ. ಅದು ಗೊತ್ತಿದ್ದೂ ಟಪಾಲಿನವನ ದಾರಿ ಕಾಯುತ್ತ ಎರಡು ದಿನ ಬಾಗಿಲಿಗೂ ಬೀದಿಗೂ ಎಡತಾಕಿದೆ.

ರವಿವಾರ ಪಾರಿಶ್ವಾಡದಿಂದ ಪದ್ಮಾವತಿಯ ಅಣ್ಣ ಬಂದ. ಅವನಿಗೆ ಕಣ ಕಾಯಲು ನಾಯಿ ಬೇಕಾಗಿತ್ತು. ಚಂಪಿಯನ್ನು ಕೂರಿಸಿ, ಕುಂಟುಗಾಲು ಕಾಣದಂತೆ ಜಮಖಾನೆಯ ಮಡಿಕೆ ಎಳೆಸಿದ್ದೆ. ಅವನು ಅವಲಕ್ಕಿ ತಿನ್ನುತ್ತಲೇ, "ಮಾಸ್ತರ, ಒಂದೀಟು ನಡಸಿ ತೋರಸ್ರಿ," ಎಂದ.

"ಈಗಷ್ಟ ಉಂಡೈತಿ, ನಾಚಿಕಿ ಸ್ವಭಾವದ್ದು," ಎಂದೆ.

ನಾಚಿಕೆ ಸ್ವಭಾವದ್ದು ಎದ್ದು, ಕುಂಟುತ್ತ ನೇರವಾಗಿ ಅವನ ತಾಟಿಗೆ ಬಾಯಿ ಹಾಕಿತು. ಅವನು ಕೈ ತೊಳೆದುಕೊಂಡ. "ಮನ್ಯಾಗ ಕೇಳಿ ತಿಳಸ್ತೀನ್ರಿ."

ಅವನು ಹೋದ ಮೇಲೆ ಪಡಸಾಲೆಯಲ್ಲಿ ತಿರುಗುತ್ತ, "ಮಾರಿ ನೋಡಿದ್ರ ಸಾಕಾಗಿತ್ತು, ಕಾಲು ಯಾಕ ನೋಡಬೇಕಿತ್ತು ಅವಗ?" ಎಂದು ಗೊಣಗಿದೆ.

ಪದ್ಮಾವತಿ ತಾಟು ಎತ್ತುತ್ತ, "ನಿಮ್ಮನ್ನ ನೋಡಾಕ ಬಂದಾಗ ನಮ್ಮಪ್ಪ ರುಮಾಲ ತಗಸಿ ನೋಡಿದ್ದರ, ನಾ ಇನ್ನೂ ಪಾರಿಶ್ವಾಡದಾಗ ಇರ್ತಿದ್ದೆ," ಎಂದಳು.

ಕೈ ತಾನಾಗಿ ತಲೆಗೆ ಹೋಯಿತು. ಇಪ್ಪತ್ತೆರಡಕ್ಕೇ ಬೋಳಾದ ತಲೆ. ಆ ದಿನ ಬೇಸಿಗೆಯ ಮಧ್ಯಾಹ್ನದಲ್ಲಿ ಬೆವರು ಕಿವಿಯೊಳಗೆ ಇಳಿದರೂ ರುಮಾಲು ಸರಿಸಿರಲಿಲ್ಲ. ಇವಳು ಮದುವೆಯಾದ ಮೇಲೆ ನೋಡಿಯೂ, ತವರಿಗೆ ಒಂದು ಮಾತು ಹೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಪೆಟ್ಟಿಗೆಯಿಂದ ಅದೇ ರುಮಾಲು ತೆಗೆದು ಜರಿಯಂಚು ಹರಿದೆ. ಚಂಪಿಯ ಕೊರಳಿಗೆ ಕಟ್ಟುವಾಗ ಅದು ನನ್ನ ಕೈ ನೆಕ್ಕಿತು. ಕೂಗಿಕೊಂಡೆ, ಆದರೆ ಗಂಟು ಬಿಡಲಿಲ್ಲ.

ಸೋಮವಾರ ನಾಯಿ ಹಿಡಿಯುವವರು ಜರಿಪಟ್ಟಿ ನೋಡಿ, "ಯಾರದ್ರಿ ಇದು?" ಎಂದು ಕೇಳಿದರು. "ನಮ್ದರಿ," ಎಂದೆ, ಬಾಗಿಲ ಹಿಂದಿನಿಂದ.

ಬುಧವಾರ ಪಾರಿಶ್ವಾಡದಿಂದ ಕಾರ್ಡು ಬಂತು. ಬೊಗಳಲು ಕಾಲು ಬೇಕಿಲ್ಲ, ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ, ಕಳಿಸಿಕೊಡಿ ಎಂದು ಬರೆದಿದ್ದ. ಚಂಪಿ ನನ್ನ ಪಾದದ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು. ಎಬ್ಬಿಸುವ ಧೈರ್ಯವಿಲ್ಲದೆ ನಾನು ಒಂದು ತಾಸಿನಿಂದ ಕೂತಲ್ಲೇ ಕೂತಿದ್ದೆ. ಪದ್ಮಾವತಿಯಿಂದ ಮಸಿ ಲೇಖನಿ ತರಿಸಿಕೊಂಡು, ಕಾಲು ಅಲುಗಿಸದೆ ಉತ್ತರ ಬರೆದೆ: "ಮನೆಯಲ್ಲಿ ಕೇಳಿ ತಿಳಿಸುತ್ತೇವೆ."