ಕಪ್ಪು ಪರದೆಯ ಟಪಾಲು ಮತ್ತು ಗ್ರಂಥಾಲಯದ ಅಕ್ಕಾವ್ರು

ಕೆಟ್ಟ ಕಂಪ್ಯೂಟರು ಅರ್ಧ ತಾಸಿನಲ್ಲಿ ನೆಟ್ಟಗಾಗುತ್ತದೆ. ನೆಟ್ಟಗಿದ್ದ ಕಂಪ್ಯೂಟರಿನ ಮುಂದೆ ಮನುಷ್ಯರು ಬಂದು ಕೂತರೆ ಅಲ್ಲಿಂದ ನನ್ನ ಕೆಲಸ ಶುರು. ಬಸವಕಲ್ಯಾಣದ ನಮ್ಮ ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಈ ಯಂತ್ರಗಳ ಚಾಕರಿ ಮಾಡುತ್ತಿದ್ದೇನೆ. ಇಂಥದ್ದೇನಾದರೂ ಆಗದ ವಾರವೊಂದು ಬಂದರೆ ನನಗೇ ಏನೋ ಕಳಕೊಂಡಂತೆ ಅನಿಸುತ್ತದೆ.

ನಮ್ಮ ಕಚೇರಿಯ ಕಂಪ್ಯೂಟರುಗಳಿಗೆ ವಯಸ್ಸಾಗಿದೆ. ಬಣ್ಣ, ಚಿತ್ರ ತುಂಬಿದ ಈಗಿನ ಮೇಲ್ ತೆರೆದರೆ ಏರಿ ಹತ್ತುವ ಎತ್ತಿನ ಹಾಗೆ ಉಸಿರುಬಿಟ್ಟು ನಿಂತುಬಿಡುತ್ತಿದ್ದವು. ಅದಕ್ಕೆ ನಾನು ಬರೀ ಅಕ್ಷರದ ಒಂದು ಮೇಲ್ ಪ್ರೋಗ್ರಾಂ ಹಾಕಿಕೊಟ್ಟೆ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸಿಗೆ ಕೆಲಸವಿಲ್ಲ. ಯಾವ ಪತ್ರ ಯಾವ ಫೋಲ್ಡರಿಗೆ ಹೋಗಬೇಕೆಂದು ನಿಯಮ ಬರೆದಿಟ್ಟರೆ ಬಂದ ಪತ್ರ ತಾನೇ ಹೋಗಿ ಅಲ್ಲಿ ಕೂಡುತ್ತದೆ. ಯಂತ್ರ ಹಗುರಾಯಿತು. ನನ್ನ ತಲೆ ಭಾರವಾಯಿತು.

ಅದೇ ಹೊತ್ತಿಗೆ ನಮ್ಮ ಗ್ರಂಥಾಲಯದ ಅಕ್ಕಾವ್ರ ನೌಕರಿಯ ಮಾತು ಎದ್ದಿತ್ತು. ಹುಲಸೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಈ ಹೆಣ್ಣುಮಗಳು ಹದಿನಾಲ್ಕು ವರ್ಷದಿಂದ ತಾತ್ಪೂರ್ತಿಕ. ಪ್ರತಿ ಜೂನಿನಲ್ಲಿ ಹೊಸ ಆದೇಶ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಈ ಸಲ ಹುಮನಾಬಾದಿನಲ್ಲಿರುವ ಆಡಳಿತ ಮಂಡಳಿ ಅವರನ್ನು ಕಾಯಂ ಮಾಡುವ ಯೋಚನೆ ಮಾಡಿತ್ತು. ಪತ್ರ ಮೇಲ್‌ನಲ್ಲೇ ಬರುತ್ತದೆ ಎಂದು ಸುದ್ದಿ. ಅಂದಿನಿಂದ ದಿನಾ ಬೆಳಿಗ್ಗೆ ಅಕ್ಕಾವ್ರು ನನ್ನ ಬಾಗಿಲಲ್ಲಿ ನಿಂತು, "ಬಂತೇನು ತಮ್ಮಾ?" ಎನ್ನುತ್ತಿದ್ದರು.

೧. ಯಾರು ಎಲ್ಲಿ ಕೂಡಬೇಕು

ಫೋಲ್ಡರುಗಳ ಪಟ್ಟಿಯನ್ನು ಅಕಾರಾದಿಯಾಗಿ ಹಾಕಿದ್ದೆ. ನಮ್ಮ ಹೆಡ್ ಕ್ಲಾರ್ಕ್ ಸಾಹೇಬರು ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು. ಅವರ ಮುಖ ಕಪ್ಪಿಟ್ಟಿತು.

"ತಮ್ಮಾ, ಹುಮನಾಬಾದಿನ ಮಂಡಳಿ ಎಲ್ಲಿ ಅದ?"

"ಕೆಳಗ ಅದರಿ, ಕೊನೀಗಿ."

"ಕ್ಯಾಂಟೀನ್?"

"ಮ್ಯಾಲ ಅದರಿ."

"ಮಂಡಳಿಯವ್ರನ್ನ ಕ್ಯಾಂಟೀನಿನ ಕೆಳಗ ಕೂಡ್ಸೀಯಲ್ಲೋ ತಮ್ಮಾ! ನಾಳೆ ಅವ್ರು ಬಂದು ನೋಡಿದರ ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ?"

ವೇದಿಕೆಯ ಮೇಲೆ ಖುರ್ಚಿ ಹಾಕಿಸಿದ ಅನುಭವ ಅವರಿಗೆ ಮೂವತ್ತು ವರ್ಷದ್ದು. ಬದಿಗೇ ಕೂತು ಅನುಕ್ರಮ ಹೇಳಿದರು, ನಾನು ಬರೆದೆ. ಮೊದಲು ಮಂಡಳಿ, ಆಮೇಲೆ ಪ್ರಿನ್ಸಿಪಾಲರು, ಆಮೇಲೆ ವಿಭಾಗಗಳು, ಕೊನೆಗೆ ಕ್ಯಾಂಟೀನ್, ಸೈಕಲ್ ಸ್ಟ್ಯಾಂಡ್. ಎಲ್ಲ ಮುಗಿದ ಮೇಲೆ, ನಟ್ಟನಡುವೆ ಒಂದು ಖಾಲಿ ಫೋಲ್ಡರ್ ಮಾಡಿ "ಮುಖ್ಯ ಅತಿಥಿಗಳು" ಎಂದು ಹೆಸರಿಡಿಸಿದರು. ಯಾವ ಪತ್ರ ಅದರೊಳಗೆ ಬರಬೇಕೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೂ ದಿನಾ ಬೆಳಿಗ್ಗೆ ಮೊದಲು ಅದನ್ನೇ ತೆರೆದು ನೋಡುತ್ತಿದ್ದರು.

ತಿಂಗಳಾದ ಮೇಲೆ ಕೇಳಿದೆ, "ಸಾಹೇಬ್ರ, ಅದು ಇನ್ನೂ ಖಾಲೀನೇ ಅದ. ತೆಗೀಲ್ರಿ?"

ಸಾಹೇಬರು ಗಂಭೀರವಾಗಿ ಹೇಳಿದರು, "ಮುಖ್ಯ ಅತಿಥಿ ಯಾವಾಗ ಟೈಮಿಗೆ ಬಂದಾರ ತಮ್ಮಾ?"

೨. ಹನ್ನೊಂದರ ಬಸ್ಸು

ಮೇಲ್ ಎಂಟು ಗಂಟೆಗೇ ಬಂದು ಬಿದ್ದಿರುತ್ತಿತ್ತು. ಸಾಹೇಬರು ಹನ್ನೊಂದರ ತನಕ ಮಂಡಳಿಯ ಫೋಲ್ಡರ್ ಮುಟ್ಟುತ್ತಿರಲಿಲ್ಲ. ಅಕ್ಕಾವ್ರು ಮಾತ್ರ ಹತ್ತು ಗಂಟೆಯಿಂದ ಸೆರಗು ಹಿಂಡುತ್ತ ಕಚೇರಿಯ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಸಾಹೇಬರಿಗೆ ಕಾರಣ ಕೇಳಿದೆ. ಹುಮನಾಬಾದಿನ ಟಪಾಲಿನ ಚೀಲ ಮೊದಲಿನಿಂದಲೂ ಹನ್ನೊಂದರ ಬಸ್ಸಿಗೆ ಬರುತ್ತಿತ್ತಂತೆ. ಬಸ್ಸು ಬರಬೇಕು, ಆವಕ ರಜಿಸ್ಟರಿನಲ್ಲಿ ನಂಬರ್ ಬೀಳಬೇಕು, ಆಮೇಲೆ ಲಕೋಟೆ ಒಡೆಯಬೇಕು. ಅದು ಪದ್ಧತಿ. ಮೇಲ್ ಬಸ್ಸಿನಲ್ಲಿ ಬರುವುದಿಲ್ಲ ಎಂದು ನಾನು ಬಗೆಬಗೆಯಾಗಿ ಬಿಡಿಸಿ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದರು. ಒಪ್ಪಿಕೊಂಡರು ಎಂದೇ ತಿಳಿದೆ.

ಒಂದು ಸೋಮವಾರ ಮಧ್ಯಾಹ್ನ ಊಟದ ಹೊತ್ತಾದರೂ ಅಕ್ಕಾವ್ರು ಬೆಂಚಿನ ಮೇಲೇ ಇದ್ದರು. ಒಳಗೆ ಹೋದರೆ ಸಾಹೇಬರು ಕೈಕಟ್ಟಿ ಕೂತಿದ್ದಾರೆ, ಪರದೆಯ ಮೇಲೆ ಮಂಡಳಿಯ ಫೋಲ್ಡರಿನಲ್ಲಿ ನಾಲ್ಕು ಹೊಸ ಪತ್ರ ಕಾಣುತ್ತಿವೆ.

"ಸಾಹೇಬ್ರ, ಟಪಾಲು ಬಂದದಲ್ರಿ! ನೋಡವಲ್ರ್ಯಾಕ?"

"ಹ್ಯಾಂಗ ನೋಡ್ಲಿ? ಬಸ್ ರಾಜೇಶ್ವರದ ಬಲ್ಲಿ ಪಂಕ್ಚರ್ ಆಗಿ ನಿಂತದಂತ."

ಆ ನಾಲ್ಕರಲ್ಲಿ ಅಕ್ಕಾವ್ರ ಪತ್ರ ಇರಲಿಲ್ಲ. ಇದ್ದಿದ್ದರೆ ಆ ಬಸ್ಸಿನ ಟೈರಿಗೆ ನಾನೇ ಹೋಗಿ ಗಾಳಿ ತುಂಬಿ ಬರುತ್ತಿದ್ದೆ.

೩. ಮೊದಲು ನಿಲ್ಲಿಸುವವರು ಯಾರು

ಆಮೇಲೆ ಮೇಲಿಂಗ್ ಲಿಸ್ಟ್ ಮಾಡಿದೆ. ಎರಡೂ ಊರಿನ ಅರವತ್ತು ಮಂದಿ ಸಿಬ್ಬಂದಿ, ಏಳು ಮಂದಿ ಮಂಡಳಿಯವರು, ಎಲ್ಲರಿಗೂ ಸೇರಿ ಒಂದು ವಿಳಾಸ. ಅದಕ್ಕೆ ಬರೆದರೆ ಅಷ್ಟೂ ಜನರಿಗೆ ಮುಟ್ಟುತ್ತದೆ. ಒಂದು ಕೀ ಒತ್ತಿದರೆ ಉತ್ತರ ಬರೆದವರೊಬ್ಬರಿಗೇ ಹೋಗುತ್ತದೆ, ಇನ್ನೊಂದು ಕೀ ಒತ್ತಿದರೆ ಇಡೀ ಲಿಸ್ಟಿಗೆ ಹೋಗುತ್ತದೆ. ಎಲ್ಲರನ್ನೂ ಕೂಡಿಸಿ ಎರಡೂ ಕೀ ತೋರಿಸಿದ್ದೆ.

ಶುಭಾರಂಭಕ್ಕೆ ಸಾಹೇಬರು ವಿಷಯದ ಸಾಲಿನಲ್ಲೇ ಒಂದು ಮಾತು ಬರೆದರು. "ಎಲ್ಲರಿಗೂ ಶರಣು ಶರಣಾರ್ಥಿ."

ನಮ್ಮ ಕಲ್ಯಾಣದಲ್ಲಿ ಶರಣಾರ್ಥಿ ಅಂದವರಿಗೆ ತಿರುಗಿ ಶರಣಾರ್ಥಿ ಅನ್ನದೆ ಇರುವುದು ಉಂಟೇ? ಅರವತ್ತಾರು ಮಂದಿ ಉತ್ತರ ಕೊಟ್ಟರು. ಒಬ್ಬರಿಗೇ ಕೊಟ್ಟರೆ ಉಳಿದವರು ಏನಂದುಕೊಂಡಾರು ಎಂದು ಇಡೀ ಲಿಸ್ಟಿಗೆ ಕೊಟ್ಟರು. ಹಾಗೆ ಬಂದ ಪ್ರತಿಯೊಂದು ಶರಣಾರ್ಥಿಗೂ ಮತ್ತೆ ಶರಣಾರ್ಥಿ. ಸಂಜೆಯ ಹೊತ್ತಿಗೆ ಯಂತ್ರ ಬಿಸಿಯಾಗಿತ್ತು. ಆವಕ ರಜಿಸ್ಟರಿನ ಹಾಳೆ ಮುಗಿದು ಸಾಹೇಬರು ಹೊಸದು ತರಿಸಿದ್ದರು.

"ಸಾಹೇಬ್ರ, ಜರಾ ನಿಲ್ಲಿಸ್ರಿ," ಅಂದೆ.

"ಮೊದಲು ನಿಲ್ಲಿಸಿದವ್ರು ಸೊಕ್ಕಿನವ್ರು ಅನಿಸ್ಕೊಳ್ತಾರ. ಯಾರು ನಿಲ್ಲಿಸ್ಬೇಕು ಹೇಳು?"

ನ್ಯಾಯವಾದ ಪ್ರಶ್ನೆ. ಆ ಸೊಕ್ಕಿನವ ನಾನೇ ಆದೆ. ವಿಷಯದ ಸಾಲಿನಲ್ಲಿ "ಶರಣು ಶರಣಾರ್ಥಿ" ಎಂದಿರುವ ಪತ್ರವೆಲ್ಲ ಬೇರೆಯ ಒಂದು ಫೋಲ್ಡರಿಗೆ ಹೋಗಿ ಬೀಳಲಿ ಎಂದು ನಿಯಮ ಬರೆದೆ. ಆ ಫೋಲ್ಡರ್ ಪಟ್ಟಿಯಲ್ಲಿ ಕಾಣದ ಹಾಗೆ ಮುಚ್ಚಿಟ್ಟೆ. ಕಚೇರಿ ಶಾಂತವಾಯಿತು. ಮರುದಿನ ಸಾಹೇಬರು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು, "ಒಂದೇ ದಿನದಾಗ ಮಂದಿ ಎಷ್ಟು ಬದಲಾದ್ರು ನೋಡು ತಮ್ಮಾ!"

೪. ಶನಿವಾರ, ಮೂರು ಗಂಟೆ

ನನ್ನ ಜಾಣತನದ ಬೆಲೆ ತಿಳಿದದ್ದು ಒಂದು ಶನಿವಾರ. ಮಧ್ಯಾಹ್ನ ಒಂದೂವರೆಗೆ ಹುಮನಾಬಾದಿನ ಕಚೇರಿಯಿಂದ ಫೋನು.

"ಮೂರಕ್ಕ ಮಂಡಳಿ ಮೀಟಿಂಗ್ ಅದ. ನಿಮ್ಮ ಅಕ್ಕಾವ್ರ ಒಪ್ಪಿಗಿ ಇನ್ನೂ ಬಂದಿಲ್ಲಲ್ರಿ? ಅವ್ರಿಗೆ ಕಾಯಂ ನೌಕರಿ ಬ್ಯಾಡೇನು?"

ಮಂಡಳಿಯ ಫೋಲ್ಡರಿನಲ್ಲಿ ಅಂಥ ಪತ್ರವಿಲ್ಲ. ನಮ್ಮ ಮಂಡಳಿಯ ಅಧ್ಯಕ್ಷರು ಸಂಸ್ಕಾರವಂತರು, ಯಾವ ಪತ್ರಕ್ಕೂ ವಿಷಯದ ಸಾಲಿನಲ್ಲಿ ಮೊದಲು ಶರಣಾರ್ಥಿ ಹೇಳಿಯೇ ಮುಂದಿನ ಮಾತು ಎತ್ತುವವರು ಎನ್ನುವುದು ಆಗ ಹೊಳೆಯಿತು. ನನ್ನ ನಿಯಮ ಅಳಿಸಿ, ಮುಚ್ಚಿಟ್ಟ ಫೋಲ್ಡರ್ ತೆರೆದೆ. ಸಾವಿರಾರು ಶರಣಾರ್ಥಿಗಳ ನಡುವೆ ಅಕ್ಕಾವ್ರ ಪತ್ರ ಮೂರು ದಿನದಿಂದ ಕೂತಿತ್ತು. ಶನಿವಾರದ ಸಭೆಗೆ ಮೊದಲು ಲಿಖಿತ ಒಪ್ಪಿಗೆ ಬರದಿದ್ದರೆ ಈ ಹುದ್ದೆ ಬೇಡವೆಂದು ತಿಳಿಯಲಾಗುವುದು ಎಂದು ಅದರ ಕೊನೆಯ ಸಾಲು.

ಗ್ರಂಥಾಲಯಕ್ಕೆ ಓಡಿದೆ. ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಅಕ್ಕಾವ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಂದು ಕಪ್ಪು ಪರದೆಯ ಮುಂದೆ ಕೂತರು.

"ಎರಡೇ ಸಾಲು ಬರೀರಿ ಅಕ್ಕಾವ್ರ. ಒಪ್ಪಿಗಿ ಅದ ಅಂದ್ರ ಸಾಕು."

ಅವರು ಒಂದು ಹಳೆಯ ನೋಟ್‌ಬುಕ್ ತೆರೆದಿಟ್ಟುಕೊಂಡು ನಿಧಾನವಾಗಿ ಹೊಡೆಯತೊಡಗಿದರು. ಎರಡು ಗಂಟೆಯಾಯಿತು, ಎರಡೂವರೆಯಾಯಿತು. ನಾನು ಬಾಗಿಲಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಮೂರಕ್ಕೆ ಹತ್ತು ನಿಮಿಷವಿದ್ದಾಗ ಕಳಿಸಿ ಕೈ ಒರೆಸಿಕೊಂಡರು. ಕಳಿಸಿದ್ದನ್ನು ಬಗ್ಗಿ ಓದಿದೆ. ಮೊದಲ ಸಾಲಿನಲ್ಲಿ ಒಪ್ಪಿಗೆ ಇತ್ತು. ಅದರ ಕೆಳಗೆ ಗ್ರಂಥಾಲಯದ ಪುಸ್ತಕ ಒಯ್ದು ತಿರುಗಿ ಕೊಡದವರ ಹೆಸರು, ಪುಸ್ತಕದ ಹೆಸರಿನ ಸಮೇತ, ಸಾಲಾಗಿ ಇದ್ದವು. ಮೊದಲ ಹೆಸರು ಅಧ್ಯಕ್ಷರದು: ವಚನಗಳ ದಪ್ಪ ಸಂಪುಟ ಎರಡು, ಒಯ್ದು ಒಂಬತ್ತು ವರ್ಷ. ಎರಡನೆಯದು ಕಾರ್ಯದರ್ಶಿಯವರದು: ತೊಗರಿಗೆ ಬರುವ ರೋಗಗಳು. ಮುಂದೆ ಓದಲು ನನಗೆ ಧೈರ್ಯವಾಗಲಿಲ್ಲ. ಯಾರಿಗೆ ಹೋಗಿದೆ ಎಂದು ಮೇಲೆ ನೋಡಿದೆ. ಇಡೀ ಲಿಸ್ಟಿಗೆ ಹೋಗಿತ್ತು.

"ಅಕ್ಕಾವ್ರ! ಕೀ ತಪ್ಪಿ ಒತ್ತೀರಿ!"

"ತಪ್ಪಿಲ್ಲ. ಬರಾಬರ್ ಒತ್ತೀನಿ. ಅಧ್ಯಕ್ಷರೊಬ್ಬರಿಗೇ ಹೇಳಿದರ ಚಾಡಿ ಆಗ್ತದ. ಎಲ್ಲಾರಿಗೂ ಹೇಳಿದರ ನೋಟೀಸ್ ಆಗ್ತದ."

"ಕಾಯಂ ಆದ ಮ್ಯಾಲ ಕೇಳಬೇಕಿತ್ತಲ್ರಿ! ಇನ್ನೂ ಮೀಟಿಂಗೇ ಆಗಿಲ್ಲ!"

ಅಕ್ಕಾವ್ರು ನೋಟ್‌ಬುಕ್ ಮುಚ್ಚಿದರು. "ಹದಿನಾಲ್ಕು ವರ್ಷ ನೌಕರಿ ಹೋಗ್ತದಂತ ಅಂಜಿ ಬಾಯಿ ಬಿಡಲಿಲ್ಲ ತಮ್ಮಾ. ಕಾಯಂ ಆದ ಮ್ಯಾಲ ಕೇಳಿದರ ಅದರಾಗ ನಂದೇನು ದೊಡ್ಡಸ್ತಿಕಿ? ಪುಸ್ತಕ ಕೇಳಿದ್ದಕ್ಕ ಹೋಗೂ ನೌಕರಿ ಇದ್ದರ, ಹೋಗ್ಲಿ ಬಿಡು."

ಇಷ್ಟು ವರ್ಷ ದಿನಾ ನೋಡಿದ ಅಕ್ಕಾವ್ರನ್ನು ಅವತ್ತೇ ಮೊದಲ ಸಲ ನೋಡಿದ ಹಾಗಾಯಿತು.

ಮೂರಾಯಿತು. ಮೂರೂಕಾಲಾಯಿತು. ಲಿಸ್ಟಿನಲ್ಲಿ ಒಂದು ಪತ್ರವೂ ಇಲ್ಲ. ಶರಣಾರ್ಥಿಗೆ ಸಾಲುಗಟ್ಟಿ ನಿಂತಿದ್ದ ಅರವತ್ತು ಮಂದಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮೂರೂವರೆಗೆ ಅಧ್ಯಕ್ಷರ ಉತ್ತರ ಬಂತು. ಸಾಹೇಬರು ಆವಕ ನಂಬರ್ ಹಾಕುವ ತನಕ ನಾನು ಉಸಿರು ಹಿಡಿದು ನಿಂತೆ. ಆಮೇಲೆ ಅವರೇ ಗಟ್ಟಿಯಾಗಿ ಓದಿದರು.

"ಶರಣು ಶರಣಾರ್ಥಿ. ಸಭೆಯನ್ನು ಒಂದು ತಾಸು ಮುಂದೂಡಲಾಗಿದೆ. ಸದಸ್ಯರು ಪುಸ್ತಕ ಹುಡುಕಲು ಮನೆಗೆ ಹೋಗಿದ್ದಾರೆ."

ಸಂಜೆ ಆರರ ಸುಮಾರಿಗೆ ಮಂಡಳಿಯ ಜೀಪು ನಮ್ಮ ಗೇಟಿಗೆ ಬಂತು. ಡ್ರೈವರ್ ಎರಡು ಗೋಣಿಚೀಲ ಇಳಿಸಿ, ಒಂದು ಲಕೋಟೆಯನ್ನು ಅಕ್ಕಾವ್ರ ಕೈಗಿಟ್ಟ. ಅವರು ಲಕೋಟೆಯನ್ನು ಮೇಜಿನ ಮೇಲಿಟ್ಟು ಮೊದಲು ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಧೂಳು ಒರೆಸಿ, ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದರು. ಆಮೇಲೆ ಲಕೋಟೆ ಒಡೆದರು. ಕಾಯಂ ಆದೇಶ. ಎರಡು ಸಲ ಓದಿದರು. ಸೆರಗಿನಿಂದ ಕಣ್ಣು ಒತ್ತಿಕೊಂಡರು. ಸಾಹೇಬರು ಕಿಟಕಿಯ ಕಡೆ ಮುಖ ಮಾಡಿ ಮೂಗು ಸೀಟಿದರು. ನಾನೂ ಅತ್ತೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

"ಶುಭಾಶಯ್ರಿ ಅಕ್ಕಾವ್ರ," ಅಂದೆ. "ಎಲ್ಲಾ ಪುಸ್ತಕ ಬಂದವಲ್ರಿ?"

"ಒಂದು ಬಿಟ್ಟು ಎಲ್ಲಾ ಬಂದಾವ." ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದರು. ಕೊನೆಯ ಸಾಲಿಗೆ ಗೆರೆ ಬಿದ್ದಿರಲಿಲ್ಲ. ಅಲ್ಲಿದ್ದ ಹೆಸರು ನನ್ನದು. ಪುಸ್ತಕ, ಇದೇ ಮೇಲ್ ಪ್ರೋಗ್ರಾಮಿನಲ್ಲಿ ಫೋಲ್ಡರ್, ಲಿಸ್ಟು, ನಿಯಮ ಹೊಂದಿಸುವುದು ಹೇಗೆಂದು ತಿಳಿಸುವ ಕೈಪಿಡಿ. ಒಯ್ದು ನಾಲ್ಕು ವರ್ಷ.

"ನೀ ಇನ್ನೂ ಓದಾಕತ್ತಿದ್ದರ ಇರ್ಲಿ ಅಂತಿದ್ದೆ," ಅಂದರು ಅಕ್ಕಾವ್ರು. "ನೀ ಅದನ್ನ ತೆರೆದೇ ನೋಡಿಲ್ಲ ಅನ್ನೂದು ಇವತ್ತ ಗೊತ್ತಾಯ್ತು. ಸೋಮವಾರ ತಂದು ಕೊಡು."