ಗುಲಾಬಿಗೆ ಲಂಚ

ಕದ್ದವರನ್ನು ಹಿಡಿಯಬಲ್ಲವನಿಗೆ ಕದ್ದು ಇಡಲು ಬಾರದೇ? ಇದು ಚೆಕಿಂಗ್ ಸಾಹೇಬರ ವಾದ. ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು ಅವರು. ಟಿಕೆಟ್ ಇಲ್ಲದವನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿರಲಿ, ಕಿಟಕಿಯಾಚೆ ಮೋಡ ನೋಡುತ್ತಿರಲಿ, ಮುಖ ಕಂಡ ಕೂಡಲೇ ಪತ್ತೆ! ಬೆರಳು ಚಾಚಿ "ಇಳೀರಿ ಕೆಳಗೆ!" ಎಂದು ಗುಡುಗಿದರೆ ಟಿಕೆಟ್ ಇದ್ದವರೂ ಎದ್ದು ನಿಲ್ಲುತ್ತಿದ್ದರು.

ಅಂಥ ಮಹಾಶಯರಿಗೆ ಸಕ್ಕರೆ ಕಾಯಿಲೆ ಬಂತು. ಇನ್ನು ಸಿಹಿ ಬಿಸ್ಕತ್ತು ಮುಟ್ಟಕೂಡದು ಎಂದರು ಡಾಕ್ಟರು. ಡಾಕ್ಟರು ಹೇಳಿ ಮರೆತರು, ಹೆಂಡತಿ ಮರೆಯಲಿಲ್ಲ. ಶೂ ಒಳಗೆ ಅಡಗಿಸಿದ್ದ ಪೊಟ್ಟಣ ಸಿಕ್ಕಿತು, ದಿಂಬಿನ ಚೀಲದ್ದು ಸಿಕ್ಕಿತು, ಕೆಟ್ಟುಹೋದ ರೇಡಿಯೋದ ಹೊಟ್ಟೆಯೊಳಗಿನದೂ ಸಿಕ್ಕಿತು!

"ಕಾಲಿನ ಗಾಯ ತಿಂಗಳಾದ್ರೂ ಮಾಗಿಲ್ಲ," ಎಂದಳು ಹೆಂಡತಿ. "ನಿಮಗೇನಾದ್ರೂ ಆದ್ರೆ ನಾನು ಹಿತ್ತಲ ಹಂದಿ ಜೊತೆ ಮಾತಾಡ್ಕೊಂಡು ಕೂತಿರ್ಲಾ?"

ಸಾಹೇಬರ ಕರುಳು ಚುರ್ರೆಂದಿತು. ಆದರೆ ನಾಲಿಗೆಗೆ ಕರುಳಿಲ್ಲವಲ್ಲ! ಮನೆಯೊಳಗೆ ಇಟ್ಟದ್ದೇ ತಪ್ಪು, ಇನ್ನು ಮೇಲೆ ಹಿತ್ತಲಲ್ಲಿ ಇಡುತ್ತೇನೆ, ಇವಳಲ್ಲ, ಇವಳಪ್ಪ ಬಂದರೂ ಹುಡುಕಲಾರ ಎಂದು ಶಪಥ ಮಾಡಿದರು.

ಹಿತ್ತಲೆಂದರೆ ಅರ್ಧ ಎಕರೆ. ಕುಂಬಳದ ಪಾತಿ, ಹನ್ನೆರಡು ಕೋಳಿ, ಸೌದೆ ರಾಶಿ, ಮೂಲೆಯಲ್ಲೊಂದು ಹಂದಿಗೂಡು. ಗೂಡಿನ ಒಡತಿ ಗುಲಾಬಿ, ಹೆಂಡತಿಯ ಮುದ್ದಿನ ಹಂದಿ. ತೂಕದಲ್ಲಿ ಸಾಹೇಬರ ಎರಡರಷ್ಟು. ಬುದ್ಧಿಯಲ್ಲಿ ಎಷ್ಟು ಪಟ್ಟು ಎಂಬುದು ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

ತೌಡು ತರಲು ಹೋದ ಸಾಹೇಬರು ಮೂಟೆಯೊಳಗೇ ಬಿಸ್ಕತ್ತು ತುರುಕಿ ತಂದರು. ತಗಡಿನ ಡಬ್ಬಿಗೆ ತುಂಬಿ ಕುಂಬಳದ ಪಾತಿಯಲ್ಲಿ ಹೂತರು. ಬೇಲಿಯಾಚೆ ಗುಲಾಬಿ ನಿಂತು ನೋಡುತ್ತಿತ್ತು. ನೋಡಲಿ, ಹಂದಿ ತಾನೇ!

ಮರುದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದದ್ದೇ ತಡ, ಗುಲಾಬಿ ನೆಟ್ಟಗೆ ಪಾತಿಗೆ ನಡೆದು, ಮೂತಿಯಿಂದ ಎರಡೇ ಏಟಿಗೆ ಡಬ್ಬಿಯನ್ನು ಮೇಲಕ್ಕೆತ್ತಿತು. ಸಾಹೇಬರು ಓಡಿಬಂದು ಕಿತ್ತುಕೊಂಡರು. ಗುಲಾಬಿ ಕಿರುಚಿತು ನೋಡಿ, ಯಾರದೋ ಕೊಲೆಯಾಗುತ್ತಿದೆ ಎಂದು ಮೂರು ಬೀದಿಯವರು ಎದ್ದು ಬರಬೇಕು!

"ಏನ್ರೀ ಅದು?" ಅಡುಗೆಮನೆಯಿಂದ ಹೆಂಡತಿಯ ದನಿ.

"ಏನಿಲ್ಲ ಕಣೇ! ಮುಳ್ಳು ಚುಚ್ಚಿರ್ಬೇಕು!"

"ನಿಮಗಾ, ಅದಕ್ಕಾ?"

"ಅದಕ್ಕೇ!"

ಅವಸರದಲ್ಲಿ ಒಂದು ಬಿಸ್ಕತ್ತನ್ನು ಗುಲಾಬಿಯ ಬಾಯಿಗೆ ಹಾಕಿದರು. ತಕ್ಷಣ ಮೌನ! ಮೂವತ್ತು ವರ್ಷ ಯಾರಿಂದಲೂ ಒಂದು ಕಾಸು ಲಂಚ ಮುಟ್ಟದ ಕೈ ಅಂದು ಹಂದಿಗೆ ಲಂಚ ಕೊಟ್ಟಿತು. ಮರುದಿನ ಗುಲಾಬಿ ಒಂದಕ್ಕೆ ಒಪ್ಪಲಿಲ್ಲ, ಎರಡು ತಿಂದ ಮೇಲೆಯೇ ಬಾಯಿ ಮುಚ್ಚಿತು.

ಸಾಹೇಬರು ಜಾಗ ಬದಲಿಸಿದರು. ಸೌದೆ ರಾಶಿಯಲ್ಲಿಟ್ಟರು, ಗುಲಾಬಿ ಹುಡುಕಿತು. ಕೋಳಿಗೂಡಿನ ಕೆಳಗಿಟ್ಟರು, ಅಲ್ಲೂ ಹುಡುಕಿತು. ಕೊನೆಗೆ ಬರಿಗೈಯಲ್ಲಿ ಪಾತಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಸುಳ್ಳೇ ಮಣ್ಣು ಕೆದಕುವುದು, ಗುಲಾಬಿ ಅಲ್ಲಿ ಅಗೆಯುತ್ತಿರುವಾಗ ಡಬ್ಬಿಯ ಕಡೆ ಓಡುವುದು ಎಂಬ ತಂತ್ರ ಹೂಡಿದರು. ಎರಡು ದಿನ ನಡೆಯಿತು. ಮೂರನೆಯ ದಿನ ಗುಲಾಬಿಯೂ ಸುಳ್ಳೇ ಅಗೆಯುತ್ತ, ಒಂದು ಕಿವಿಯನ್ನು ಇತ್ತ ತಿರುಗಿಸಿಟ್ಟು, ಸಾಹೇಬರು ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ ಬೆನ್ನ ಹಿಂದೆಯೇ ನಿಂತಿತ್ತು! ಇವರು ಚಾಪೆ ಕೆಳಗೆ ನುಸುಳಿದರೆ ಅದು ರಂಗೋಲಿ ಕೆಳಗೆ ನುಸುಳುವ ಜಾತಿ.

"ದಿನಾ ತೋಟದಲ್ಲಿ ಓಡಾಡ್ತೀರಲ್ಲ, ಒಳ್ಳೇದಾಯ್ತು," ಎಂದಳು ಹೆಂಡತಿ.

"ಆರೋಗ್ಯ ಮುಖ್ಯ ಕಣೇ!"

ನಿಜಕ್ಕೂ ಕಾಲಿನ ಗಾಯ ಮಾಗುತ್ತಾ ಬಂದಿತ್ತು. ನೋಡಿದೆಯಾ, ಬಿಸ್ಕತ್ತಿಗೂ ಗಾಯಕ್ಕೂ ಸಂಬಂಧವೇ ಇಲ್ಲ ಎಂದು ಸಾಹೇಬರು ಮನಸ್ಸಿನಲ್ಲೇ ಡಾಕ್ಟರನ್ನು ಹೀಯಾಳಿಸಿದರು. ಅವರಿಗಿದ್ದ ದೂರು ಒಂದೇ. ಈಗೀಗ ಬಿಸ್ಕತ್ತಿನವರು ಸಕ್ಕರೆ ಹಾಕಲು ಜಿಪುಣತನ ಮಾಡುತ್ತಿದ್ದಾರೆ!

ಕೊನೆಗೊಂದು ಬ್ರಹ್ಮಾಸ್ತ್ರ ಹೊಳೆಯಿತು. ಹಂದಿ ಏಣಿ ಹತ್ತಿದ್ದನ್ನು ಕಂಡವರುಂಟೇ? ಅದೇ ಡಬ್ಬಿ, ಒಳಗಿದ್ದ ಬಿಸ್ಕತ್ತಿನ ಸಮೇತ, ಹಂದಿಗೂಡಿನ ಚಾವಣಿ ಏರಿತು. ಮರುದಿನ ಹೆಂಡತಿ ಒಲೆ ಮುಂದಿದ್ದಾಗ ಸಾಹೇಬರೂ ಏರಿದರು. ಕಾಲು ಚಾಚಿ ಕೂತು, ಯಾರ ಹಂಗೂ ಇಲ್ಲದೆ ಮೊದಲ ಬಿಸ್ಕತ್ತು ಕಡಿದರು. ಆಹಾ, ಸ್ವರ್ಗ!

ಕೆಳಗೆ ಗುಲಾಬಿ ಏಣಿಗೆ ಬೆನ್ನು ತಿಕ್ಕತೊಡಗಿತು. ಒಮ್ಮೆ ತಿಕ್ಕಿತು, ಎರಡನೇ ಸಲ ತಿಕ್ಕಿತು, ಏಣಿ ದಡಾರನೆ ಬಿತ್ತು. ತುರಿಕೆಯೋ ಸಂಚೋ ದೇವರೇ ಬಲ್ಲ. ಆಮೇಲೆ ಅದು ತಲೆಯೆತ್ತಿ ಬಾಯಿ ತೆರೆಯಿತು.

"ಬೇಡ ಕಣೇ ಗುಲಾಬಿ! ನಿನ್ನ ದಮ್ಮಯ್ಯ!"

ಒಂದು ಎಸೆದರು, ಇನ್ನೊಂದು ಎಸೆದರು, ಡಬ್ಬಿ ಬರಿದಾಗುವ ತನಕ ಎಸೆದರು. ಆಮೇಲೆ ಖಾಲಿ ಡಬ್ಬಿ ಬೋರಲು ಮಾಡಿ ತೋರಿಸಿದರು. ಗುಲಾಬಿ ನೋಡಿತು, ಅರ್ಥ ಮಾಡಿಕೊಂಡಿತು, ಉಸಿರು ತುಂಬಿಕೊಂಡು ಕಿರುಚಿತು.

ಹೆಂಡತಿ ಬೇಯಿಸಿದ ಆಲೂಗಡ್ಡೆಯ ಬುಟ್ಟಿ ಹಿಡಿದೇ ಬಂದಳು. ಚಾವಣಿಯ ಕಡೆ ನೋಡಿ, ಗುಲಾಬಿಗೆ ಮೂರು ಆಲೂಗಡ್ಡೆ ಹಾಕಿ, "ಈ ಸಲ ಮೇಲಿಟ್ಟಿದ್ರಾ? ಜಾಣೆ ನೀನು!" ಎಂದು ಬೆನ್ನು ತಟ್ಟಿದಳು.

"ಚಾವಣಿ ಸರಿಮಾಡ್ತಿದ್ದೆ," ಎಂದರು ಸಾಹೇಬರು ಮೀಸೆಯ ಪುಡಿ ಒರೆಸಿಕೊಳ್ಳುತ್ತ.

"ಗೊತ್ತು. ಮೊನ್ನೆ ಕೋಳಿಗೂಡು ಸರಿಮಾಡಿದ್ರಿ. ಅದಕ್ಕೂ ಮುಂಚೆ ಸೌದೆ ರಾಶಿ."

"ಯಾರು ಹೇಳಿದ್ದು ನಿಂಗೆ?"

"ಇವಳೇ! ಮೊದಲನೇ ದಿನದಿಂದ. ನೀವು ಸ್ನಾನಕ್ಕೆ ಹೋದ ಕೂಡ್ಲೇ ಬಾಗಿಲಿಗೆ ಬಂದು ನನ್ನನ್ನ ಡಬ್ಬಿ ಹತ್ರ ಕರ್ಕೊಂಡು ಹೋಗ್ತಾಳೆ. ಬಾಯಿ ಮುಚ್ಚೋಕೆ ನೀವು ಎರಡು ಕೊಟ್ರೆ, ಬಾಯಿ ಬಿಡೋಕೆ ನಾನು ಮೂರು ಕೊಡ್ತೀನಿ."

"ಮತ್ತೆ ಯಾಕೆ ಸುಮ್ನಿದ್ದೆ?"

"ಡಬ್ಬೀಲಿದ್ದದ್ದು ಸಕ್ಕರೆ ಇಲ್ಲದ ಬಿಸ್ಕತ್ತು ಕಣ್ರೀ. ಪ್ರತಿ ಸಲಾನೂ ನಾನೇ ಬದಲಾಯಿಸಿಟ್ಟಿದ್ದು. ನಿಮಗೆ ಕದ್ದು ತಿಂದ ಖುಷಿ, ನನಗೆ ನಿಮ್ಮ ಗಾಯ ಮಾಗಿದ ಖುಷಿ."

ಇಂಥ ಹೆಂಡತಿಯ ಕಣ್ಣಿಗೆ ಮಣ್ಣೆರಚಲು ಹೊರಟೆನಲ್ಲ ಎಂದು ಸಾಹೇಬರಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಒಳಗಿನ ತಪಾಸಣೆಗಾರ ಎಚ್ಚೆತ್ತ.

"ಅಲ್ಲ ಕಣೇ, ಹಾಗಾದ್ರೆ ನಾನು ತಂದ ಸಿಹಿ ಬಿಸ್ಕತ್ತೆಲ್ಲ ಏನಾಯ್ತು?"

ಹೆಂಡತಿ ಮೋಡ ನೋಡತೊಡಗಿದಳು. ಗುಲಾಬಿ ಬಿದ್ದಿದ್ದ ಏಣಿಯ ಮೇಲೆಯೇ ಮೈಚೆಲ್ಲಿ, ನಿದ್ದೆ ಬಂದಂತೆ ಕಣ್ಣು ಮುಚ್ಚಿತು.

ಮೂವತ್ತು ವರ್ಷದ ಅನುಭವದ ಕಣ್ಣಿಗೆ ಅಷ್ಟು ಸಾಕು! ಸಾಹೇಬರು ಎದ್ದು ನಿಂತು, ಬೆರಳು ಚಾಚಿ, "ಇಳೀರಿ ಕೆಳಗೆ!" ಎಂದು ಗುಡುಗಿದರು.

ಆಮೇಲೆ ಸುತ್ತಲೂ ನೋಡಿಕೊಂಡರು. ಇಳಿಯಬೇಕಾದವರು ಅಲ್ಲಿ ಒಬ್ಬರೇ ಇದ್ದರು. ಏಣಿಯ ಮೇಲೆ ಗುಲಾಬಿ ಗೊರಕೆ ಹೊಡೆಯುತ್ತಿತ್ತು.